ಒದೆದ ತಂದೆ, ಎದುರು ನಿಂತ ಮಗ: ಕಾವ್ಯ, ಆಟ, ಸಿನಿಮಾಗಳಲ್ಲಿ ಬಭ್ರುವಾಹನ

ಸುರಪುರ ಸೀಮೆಯ ದೇವಾಪುರದವರಿಗೆ ಲಕ್ಷ್ಮೀಶ ಯಾವ ಊರಿನವನು ಎಂಬುದು ಪ್ರಶ್ನೆಯೇ ಅಲ್ಲ. ‘ಜೈಮಿನಿ ಭಾರತ’ ಬರೆದವನು ನಮ್ಮವನು, ಮುಗಿಯಿತು. ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ದೇವನೂರಿನವರೂ ಇಷ್ಟೇ ಗಟ್ಟಿಯಾಗಿ ಇದೇ ಮಾತು ಹೇಳುತ್ತಾರೆ. ಅವರ ಊರಿನಲ್ಲಿ ಲಕ್ಷ್ಮೀಕಾಂತನ ಗುಡಿಯೂ ಇದೆ. ಕವಿ ತನ್ನ ದೈವವನ್ನು ದೇವಪುರದ ಲಕ್ಷ್ಮೀರಮಣನೆಂದು ಕರೆದುಕೊಂಡದ್ದೇ ಈ ಜಗಳದ ಬೇರು. ‘ದೇವ’ ಎಂದರೂ ‘ಸುರ’ ಎಂದರೂ ಒಂದೇ ಅರ್ಥವಾದ್ದರಿಂದ ಸುರಪುರದ ಕಡೆಯವರಿಗೆ ಇನ್ನೊಂದು ಎಳೆ ಸಿಕ್ಕಿತು. ಆದರೆ ಆ ಎಳೆಯನ್ನು ಬಹಳ ಜಗ್ಗಬಾರದು. ಬೇಡ ನಾಯಕರ ರಾಜಧಾನಿಯಾಗಿ ಸುರಪುರ ಬೆಳೆದದ್ದು 1705ರಲ್ಲಿ ಔರಂಗಜೇಬನ ಸೈನ್ಯಕ್ಕೆ ವಾಗಣಗೇರಾ ಕೋಟೆ ಬಿದ್ದ ನಂತರ. ಲಕ್ಷ್ಮೀಶನ ಕಾಲವನ್ನು ಬಹುಮಂದಿ ವಿದ್ವಾಂಸರು 16-17ನೇ ಶತಮಾನಗಳ ಆಸುಪಾಸಿನಲ್ಲಿಡುತ್ತಾರೆ. ಆದ್ದರಿಂದ ವಾದ ಮಾಡುವುದಾದರೆ ದೇವಾಪುರದ ಹೆಸರಿನ ಮೇಲೆಯೇ ಮಾಡುವುದು ಒಳ್ಳೆಯದು.

ಊರಿನ ಜಗಳ ಇತ್ಯರ್ಥವಾಗದಿದ್ದರೂ ಒಂದು ಸಂಗತಿಯಲ್ಲಿ ಎರಡೂ ಕಡೆಯವರಿಗೆ ತಕರಾರಿಲ್ಲ. ಕನ್ನಡಿಗರು ಇಷ್ಟು ಕಾಲ, ಇಷ್ಟು ಮಂದಿ, ಇಷ್ಟು ಬಗೆಯಲ್ಲಿ ಓದಿ ಕೇಳಿದ ಕಾವ್ಯಗಳು ಕಡಿಮೆ. ಕೂಲಿಮಠಗಳಲ್ಲಿ ಐಗಳು ಜೈಮಿನಿ ಹೇಳಿಕೊಡುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಒಬ್ಬರು ವಾರ್ಧಕ ಷಟ್ಪದಿಯನ್ನು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಡೇನಿಯಲ್ ಸ್ಯಾಂಡರ್‌ಸನ್ ಎಂಬ ವೆಸ್ಲಿಯನ್ ಮಿಷನರಿ 1852ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ. ಹೊರಗಿನಿಂದ ಬಂದವನಿಗೂ ಈ ನಾಡಿನ ಜನರ ನಾಲಿಗೆಯ ಮೇಲೆ ಯಾವ ಪುಸ್ತಕ ಇದೆ ಎಂಬುದು ತಿಳಿದಿತ್ತು.

ಧರ್ಮರಾಯನ ಅಶ್ವಮೇಧದ ಕುದುರೆ ಹೋದ ಊರೂರಿನ ಕಥೆಯೇ ಈ ಕಾವ್ಯ. ಸುಧನ್ವ, ಚಂದ್ರಹಾಸ, ಮಯೂರಧ್ವಜ, ಎಲ್ಲರೂ ಹಾಗೆ ಬಂದವರು. ಅವರಲ್ಲಿ ಬಭ್ರುವಾಹನನ ಕಥೆಯೇ ಪುಸ್ತಕದಿಂದ ಅಟ್ಟಕ್ಕೆ, ಅಟ್ಟದಿಂದ ಬೆಳ್ಳಿತೆರೆಗೆ ಹೋಗಿ ಪ್ರತಿಸಲವೂ ಜನರನ್ನು ಕಟ್ಟಿಹಾಕಿತು. ಅಪ್ಪನಿಗೆ ಮಗ ಎದುರು ನಿಲ್ಲುವ ಕಥೆಗೆ ನಮ್ಮಲ್ಲಿ ಅಂಥ ಸೆಳೆತವಿದೆ. ಕಥೆ ಒಂದೇ ಆದರೂ ಮಗ ಯಾಕೆ ಎದುರು ನಿಂತ ಎಂಬುದು ಮಾತ್ರ ಹೇಳಿಕೆಯಿಂದ ಹೇಳಿಕೆಗೆ ಬೇರೆಯಾಗುತ್ತದೆ.

ವ್ಯಾಸ ಭಾರತದ ಆಶ್ವಮೇಧಿಕ ಪರ್ವದಲ್ಲಿ ನಡೆಯುವುದು ಇಷ್ಟು. ಮಣಿಪುರದ ಅರಸ ಬಭ್ರುವಾಹನ ಕಾಣಿಕೆ ಹಿಡಿದು ವಿನಯದಿಂದ ತಂದೆಯ ಎದುರು ಬರುತ್ತಾನೆ. ಅರ್ಜುನನಿಗೆ ಸಿಟ್ಟು ಬರುತ್ತದೆ: ಆಯುಧ ಹಿಡಿದು ಕುದುರೆಯ ಹಿಂದೆ ಬಂದವನನ್ನು ಕ್ಷತ್ರಿಯನಾದವನು ಹೀಗೆ ಎದುರುಗೊಳ್ಳುವುದೇ? ಆಗ ಉಲೂಪಿ ನೆಲ ಸೀಳಿ ಮೇಲೆ ಬಂದು ಮಲಮಗನನ್ನು ಯುದ್ಧಕ್ಕೆ ಹುರಿದುಂಬಿಸುತ್ತಾಳೆ. ಅರ್ಜುನ ಬೀಳುತ್ತಾನೆ, ಉಲೂಪಿಯ ಮಣಿಯಿಂದ ಏಳುತ್ತಾನೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದ ಪಾಪಕ್ಕೆ ವಸುಗಳಿತ್ತ ಶಾಪ ಕಳೆಯಲೆಂದೇ ಹೀಗೆ ಮಾಡಿಸಿದೆ ಎಂದು ಅವಳು ಕೊನೆಗೆ ಬಿಡಿಸಿ ಹೇಳುತ್ತಾಳೆ. ಇಲ್ಲಿ ಯಾರೂ ಯಾರ ಹುಟ್ಟನ್ನೂ ಎತ್ತಿ ಆಡುವುದಿಲ್ಲ. ಅರ್ಜುನನ ದೂರು ಮಗನ ನಡತೆಯ ಮೇಲೆ ಮಾತ್ರ.

ಜೈಮಿನಿಯ ಸಂಪ್ರದಾಯದಲ್ಲಿ, ಅದನ್ನು ಕನ್ನಡಿಸಿದ ಲಕ್ಷ್ಮೀಶನಲ್ಲಿ, ಏಟು ಬೇರೆ ಜಾಗಕ್ಕೆ ಬೀಳುತ್ತದೆ. ಮಗ ಕುದುರೆ ಕಟ್ಟಿ ತಾಯಿಗೆ ಬಂದು ಹೇಳುತ್ತಾನೆ. ಚಿತ್ರಾಂಗದೆ, ಅದು ನಿನ್ನ ತಂದೆಯ ಕುದುರೆ, ಒಪ್ಪಿಸಿ ಕಾಲಿಗೆ ಬೀಳು ಎಂದು ಕಳಿಸುತ್ತಾಳೆ. ರಾಜ್ಯವನ್ನೇ ಕಾಲಬುಡದಲ್ಲಿ ಇಟ್ಟಂತೆ ಅವನು ಹೋಗಿ ಅಡ್ಡಬೀಳುತ್ತಾನೆ. ಅರ್ಜುನ ಕಾಲಿನಿಂದ ಒದೆಯುತ್ತಾನೆ. ನನ್ನ ಮಗನೆಂದರೆ ಒಬ್ಬನೇ ಚಕ್ರವ್ಯೂಹ ಹೊಕ್ಕ ಅಭಿಮನ್ಯು. ನೀನು ಯಾವನೋ ವೈಶ್ಯನಿಗೆ ಹುಟ್ಟಿದವನು ಎನ್ನುತ್ತಾನೆ. ಅಲ್ಲಿಗೆ ಮಾತು ಮಗನನ್ನು ದಾಟಿ ತಾಯಿಗೆ ತಾಗಿತು. ಮುಂದಿನ ಯುದ್ಧವೆಲ್ಲ ಚಿತ್ರಾಂಗದೆಯ ಮಾನದ ಯುದ್ಧ. ಕರ್ಣನ ಮಗ ವೃಷಕೇತು ಬೀಳುತ್ತಾನೆ, ಆಮೇಲೆ ಅರ್ಜುನನ ತಲೆಯೇ ಉರುಳುತ್ತದೆ.

ಲಕ್ಷ್ಮೀಶನ ಕಾವ್ಯವನ್ನು ಕಥಾಸಾರದಲ್ಲಿ ಮಾತ್ರ ಓದಿದವರಿಗೆ ತಪ್ಪಿಹೋಗುವ ಎರಡು ಸಂಗತಿಗಳಿವೆ.

ಮೊದಲನೆಯದು ಜ್ವಾಲೆ. ಮಾಹಿಷ್ಮತಿಯ ನೀಲಧ್ವಜನ ಹೆಂಡತಿ. ಅರ್ಜುನನೊಂದಿಗಿನ ಯುದ್ಧದಲ್ಲಿ ಮಗನನ್ನು ಕಳಕೊಂಡವಳು. ಗಂಡ ಗೆದ್ದವನ ಜೊತೆ ರಾಜಿಯಾದರೂ ಅವಳು ಆಗುವುದಿಲ್ಲ. ಗಂಗೆಯ ದಡಕ್ಕೆ ಹೋಗಿ, ನಿನ್ನ ಮಗ ಭೀಷ್ಮನನ್ನು ಕೊಂದವನು ಸುಖವಾಗಿದ್ದಾನಲ್ಲ ಎಂದು ಕೆಣಕಿ ಶಾಪ ಕೊಡಿಸುತ್ತಾಳೆ. ತಾನು ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಅರ್ಜುನನ ಕೊರಳು ಹಾರಿಸುವುದು ಆ ಬಾಣವೇ. ಅಂದರೆ ಮಕ್ಕಳನ್ನು ಕಳಕೊಂಡ ಇಬ್ಬರು ತಾಯಂದಿರ ಸಿಟ್ಟೂ ಅವಮಾನಗೊಂಡ ಇನ್ನೊಬ್ಬ ತಾಯಿಯ ನೋವೂ ಒಂದೇ ಬಾಣದಲ್ಲಿ ಕೂಡಿಕೊಂಡಿವೆ. ಗಂಡಸರ ದಿಗ್ವಿಜಯದ ಕಾವ್ಯದೊಳಗೆ ಇಂಥದ್ದೊಂದು ಲೆಕ್ಕ ಇಟ್ಟ ಕವಿಯನ್ನು ಬರೀ ‘ಉಪಮಾಲೋಲ’ ಎಂದು ಹೊಗಳಿ ಸುಮ್ಮನಾದದ್ದು ನಮ್ಮ ಪಠ್ಯಪುಸ್ತಕಗಳ ಬಡತನ.

ಎರಡನೆಯದು ಕುಶಲವರ ಕಥೆ. ಮಗನೇ ತಂದೆಯನ್ನು ಗೆಲ್ಲುವುದುಂಟೆ ಎಂಬ ಪ್ರಶ್ನೆಗೆ ಉತ್ತರವಾಗಿ, ಬಭ್ರುವಾಹನನ ಯುದ್ಧದ ನಡುವೆಯೇ ಸೀತಾ ಪರಿತ್ಯಾಗದಿಂದ ಲವಕುಶರ ಕಾಳಗದವರೆಗಿನ ಕಥೆ ಬರುತ್ತದೆ. ಕನ್ನಡಿಗರು ಕಣ್ಣೀರು ಹಾಕಿ ಓದಿದ ಭಾಗ ಅದು. ಗರ್ಭಿಣಿಯನ್ನು ಕಾಡಿಗೆ ಬಿಟ್ಟ ರಾಮ ಅತ್ತ, ಹೆಂಡತಿಯ ಶೀಲವನ್ನು ದಂಡಿನ ಮುಂದೆ ಹೀನೈಸಿದ ಅರ್ಜುನ ಇತ್ತ. ಎರಡನ್ನೂ ಅಕ್ಕಪಕ್ಕ ಇಟ್ಟು ಕವಿ ಏನೂ ಹೇಳದೆ ಮುಂದೆ ಹೋಗುತ್ತಾನೆ. ಓದುವವರಿಗೆ ಹೇಳಬೇಕಾದ್ದು ಮುಟ್ಟಿರುತ್ತದೆ.

ಇನ್ನು ಆಟಕ್ಕೆ ಬರೋಣ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ, ಕರಾವಳಿಯ ಯಕ್ಷಗಾನದ ‘ಬಭ್ರುವಾಹನ ಕಾಳಗ’ದಲ್ಲಿ, ತಾಳಮದ್ದಳೆಯಲ್ಲಿ ಈ ಪ್ರಸಂಗಕ್ಕೆ ಮುಪ್ಪಿಲ್ಲ. ಪುಸ್ತಕದಲ್ಲಿ ಒದೆತ ಒಂದು ಸಾಲಿನ ಸಂಗತಿ. ಅಟ್ಟದ ಮೇಲೆ ಅದು ಒಂದು ಮೈ ಇನ್ನೊಂದು ಮೈಯನ್ನು ತುಳಿಯುವ ನೋಟ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯುತ್ತ ಬಂದ ಅರಸು ಮಗ ನೆಲಕ್ಕೆ ಬಿದ್ದಿರುತ್ತಾನೆ, ಮುಂದೆ ಕೂತ ಊರಿನ ಮಂದಿ ಸುಮ್ಮನಾಗುತ್ತಾರೆ. ಅಲ್ಲಿಂದ ಮಾತು ಶುರು. ದೊಡ್ಡಾಟದಲ್ಲಿ ಪಾತ್ರವನ್ನು ಮಾತಿಗೆಳೆಯುವ ಸಾರಥಿ ಇದ್ದಾನೆ. ಯಕ್ಷಗಾನದಲ್ಲಿ ಪದ್ಯಕ್ಕೆ ಅಲ್ಲೇ ಅರ್ಥ ಕಟ್ಟುವ ಸ್ವಾತಂತ್ರ್ಯವಿದೆ. ಕಾವ್ಯದ ಬಭ್ರುವಾಹನನಿಗೆ ಸಿಗದಷ್ಟು ಹೊತ್ತು ಇಲ್ಲಿ ಸಿಗುತ್ತದೆ. ಅಪ್ಪನನ್ನು ನಿಲ್ಲಿಸಿ ಕೇಳುವ ಹೊತ್ತು.

ಆಟದ ನ್ಯಾಯದಂತೆ ಅರ್ಜುನನಿಗೂ ವಾದ ಬೇಕು, ಎದುರು ಪಾತ್ರ ಸೋತರೆ ಪ್ರಸಂಗವೇ ಸೋಲುತ್ತದೆ. ಬಲ್ಲ ಅರ್ಥಧಾರಿ ಇಲ್ಲಿ ಅಭಿಮನ್ಯುವನ್ನು ಹಿಡಿಯುತ್ತಾನೆ. ಹದಿನಾರರ ಮಗನನ್ನು ರಣರಂಗಕ್ಕೆ ಕೊಟ್ಟ ತಂದೆಗೆ, ಯುದ್ಧವೇ ಬೇಡವೆಂದು ತಟ್ಟೆ ತುಂಬ ಬಂಗಾರ ಹೊತ್ತು ಬಂದ ಇನ್ನೊಬ್ಬ ಮಗನನ್ನು ಕಂಡರೆ ಏನಾಗಬೇಕು? ಒದೆತ ಸರಿಯಾಗುವುದಿಲ್ಲ, ಅರ್ಥವಾಗುತ್ತದೆ. ಲಕ್ಷ್ಮೀಶನಲ್ಲಿ ಬೀಜದಂತಿದ್ದ ಈ ಮಾತನ್ನು ಮರ ಮಾಡಿದವರು ಆಟದವರು. ಆದರೆ ಅದೇ ಆಟದಲ್ಲಿ ಜ್ವಾಲೆ ಹಿಂದೆ ಸರಿಯುತ್ತಾಳೆ. ಒಂದು ರಾತ್ರಿಯಲ್ಲಿ ಅಪ್ಪ ಮಗನ ಜಗಳವನ್ನು ಮುಗಿಸಬೇಕಾದ ಆಟಕ್ಕೆ ಎಲ್ಲೋ ಹಿಂದಿನ ಸಂಧಿಯಲ್ಲಿ ಬಂದ ಮಾಹಿಷ್ಮತಿಯ ರಾಣಿಯನ್ನು ಕರೆತರಲು ಪುರುಸೊತ್ತು ಕಡಿಮೆ.

ಇದೇ ಕಥೆಯ ಮೊದಲ ತುದಿಯನ್ನು ಹಿಡಿದು ಬಂಗಾಳದಲ್ಲಿ ರವೀಂದ್ರನಾಥ ಟ್ಯಾಗೋರರು ‘ಚಿತ್ರಾಂಗದಾ’ ಬರೆದರು. 1913ರಲ್ಲಿ ಅದು ‘ಚಿತ್ರಾ’ ಎಂದು ಇಂಗ್ಲಿಷಿಗೂ ಬಂತು. ಅಲ್ಲಿ ಅವಳು ಗಂಡಿನಂತೆ ಬೆಳೆದ ವೀರಳು. ಹುಟ್ಟುವುದು ಗಂಡಾದರೆ ಇನ್ನೊಬ್ಬ ಅರ್ಜುನನನ್ನಾಗಿ ಬೆಳೆಸಿ ಕಳಿಸುತ್ತೇನೆ ಎಂಬ ಭರವಸೆಯೊಂದಿಗೆ ನಾಟಕ ಮುಗಿಯುತ್ತದೆ. ನಮ್ಮ ಜೈಮಿನಿ ಓದಿದವರಿಗೆ ಅಲ್ಲಿ ಎದೆ ಧಸಕ್ಕೆನ್ನುತ್ತದೆ, ಹಾಗೆ ಕಳಿಸಿದ ಮಗನಿಗೆ ಏನು ಸಿಕ್ಕಿತೆಂದು ಗೊತ್ತಿರುವುದರಿಂದ.

1977ರಲ್ಲಿ ಹುಣಸೂರು ಕೃಷ್ಣಮೂರ್ತಿ ‘ಬಭ್ರುವಾಹನ’ ಸಿನಿಮಾ ಮಾಡಿದರು. ಅವರೂ ರಾಜ್‌ಕುಮಾರ್ ಅವರೂ ಕಂಪನಿ ನಾಟಕದ ಗರಡಿಯಲ್ಲಿ ಪಳಗಿದವರು. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಆಗ ಅವರಿಗೆ ಐವತ್ತರ ಹತ್ತಿರದ ವಯಸ್ಸು. ಸಿನಿಮಾ ಮಾಡಿದ ಮೊದಲ ದೊಡ್ಡ ಬದಲಾವಣೆ ಕಥೆಯ ಆರಂಭವನ್ನು ಹಿಂದಕ್ಕೆ ಒಯ್ದದ್ದು. ಲಕ್ಷ್ಮೀಶನ ಅರ್ಜುನ ಮಣಿಪುರಕ್ಕೆ ಬರುವ ಹೊತ್ತಿಗೆ ಚಿತ್ರಾಂಗದೆಯ ಮದುವೆ ಹಳೆಯ ಸಂಗತಿ. ಸಿನಿಮಾ ಆದಿಪರ್ವದ ತೀರ್ಥಯಾತ್ರೆಗೆ ಹೋಗಿ ಅರ್ಜುನನ ಪ್ರೇಮಪ್ರಸಂಗಗಳನ್ನು ಹಾಡು ಸಮೇತ ತೋರಿಸುತ್ತದೆ. ಹಾಡುಗಳಿಗಾಗಿಯೇ ಇದನ್ನು ಮಾಡಿದರೆಂದು ತಳ್ಳಿಹಾಕಬಹುದು. ಆದರೆ ಇದರಿಂದ ಒಂದು ದೊಡ್ಡ ಲಾಭವಾಗಿದೆ: ಟಾಕೀಸಿನಲ್ಲಿ ಕೂತವರೆಲ್ಲ ಆ ಮದುವೆಯ ಸಾಕ್ಷಿಗಳಾದರು. ಮುಂದೆ ಅದೇ ಅರ್ಜುನ ಮಗನ ಹುಟ್ಟನ್ನು ಪ್ರಶ್ನಿಸಿದಾಗ, ಸುಳ್ಳು ಎಂದು ಕೂಗುವ ಹಕ್ಕು ಬಾಲ್ಕನಿಯಿಂದ ಗಾಂಧಿ ಕ್ಲಾಸಿನವರೆಗೆ ಎಲ್ಲರಿಗೂ ಇತ್ತು. ಚಿತ್ರಾಂಗದೆಗೆ ಪುಸ್ತಕದಲ್ಲಿ ಇಲ್ಲದ ಬಲ ಅದು.

ಎರಡನೆಯ ಬದಲಾವಣೆ, ದ್ವಿಪಾತ್ರ. ಕ್ಯಾಮೆರಾದ ಅರ್ಧ ಮುಚ್ಚಿ ಒಂದು ಸಲ, ರೀಲು ಹಿಂದಕ್ಕೆ ಸುತ್ತಿ ಇನ್ನರ್ಧ ಮುಚ್ಚಿ ಮತ್ತೊಂದು ಸಲ ತೆಗೆಯುವುದು ಆ ಕಾಲದ ದ್ವಿಪಾತ್ರದ ಉಪಾಯ. ಹೀಗೆ ತೆಗೆದ ಚಿತ್ರಗಳಲ್ಲಿ ಎರಡು ಪಾತ್ರಗಳು ಒಂದನ್ನೊಂದು ಮುಟ್ಟುವುದು ಕಷ್ಟ. ನಡುವೆ ಕಾಣದ ಗೆರೆಯೊಂದು ಇರುತ್ತದೆ. ದೊಡ್ಡಾಟದಲ್ಲಿ ಇದ್ದ ಮೈಯ ಜಗಳ ಇಲ್ಲಿ ದನಿಯ ಜಗಳವಾಗಬೇಕಾಯಿತು. ಆಗಿದ್ದೂ ಹಾಗೆಯೇ. ಟಿ.ಜಿ. ಲಿಂಗಪ್ಪ ಸಂಗೀತದ ಆ ಯುದ್ಧದ ಹಾಡನ್ನು ಕೇಳದ ಕನ್ನಡಿಗರಿಲ್ಲ. ಅಪ್ಪ ತನ್ನ ಬಿರುದುಗಳನ್ನು ಬಿಚ್ಚುತ್ತಾನೆ. ಮಗ ಆ ಪರಾಕ್ರಮವನ್ನೆಲ್ಲ ಕೃಷ್ಣನ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಒಂದು ದನಿ ರಾಜ್‌ಕುಮಾರರದೇ, ಇನ್ನೊಂದು ಅದಕ್ಕೂ ಮೊದಲು ವರ್ಷಗಟ್ಟಲೆ ಅವರಿಗೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸರದು. ಒಬ್ಬನೇ ನಟನ ಎರಡು ದನಿಗಳು ಎದುರುಬದುರು ನಿಂತು ಕಾದುತ್ತವೆ. ಆ ಹಾಡಿನ ಭಾಷೆಯೂ ಬೀದಿಯ ಕನ್ನಡವಲ್ಲ, ಗಮಕದ ಕಟ್ಟೆಯಿಂದ ಇಳಿದು ಬಂದ ಹಳೆಯ ಹದದ ಕನ್ನಡ. ಮೂರರಲ್ಲಿ ಹೊಸದಾದ ಸಿನಿಮಾವೇ ಷಟ್ಪದಿಯ ಲಯಕ್ಕೆ ಇಷ್ಟು ಹತ್ತಿರ ಬಂದದ್ದು ಸೋಜಿಗ.

ಪುಸ್ತಕಕ್ಕೆ ಸಮನಾದ ಕೊನೆ ಮಾತ್ರ ಉಳಿದ ಎರಡಕ್ಕೂ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಲಕ್ಷ್ಮೀಶನಲ್ಲಿ ಮಣಿ ಸುಲಭವಾಗಿ ಸಿಗುವುದಿಲ್ಲ. ನಾಗಲೋಕದವರು ಕೊಡೆವೆನ್ನುತ್ತಾರೆ, ಮಗ ಅವರೊಡನೆ ಯುದ್ಧಕ್ಕೆ ಇಳಿಯುತ್ತಾನೆ, ಅಷ್ಟರಲ್ಲಿ ಅರ್ಜುನನ ತಲೆಯೇ ಕಳುವಾಗುತ್ತದೆ. ಕೊಂದವನೇ ಬದುಕಿಸಲು ಪಾತಾಳಕ್ಕೆ ಅಲೆಯುತ್ತಾನೆ. ಕೊನೆಗೆ ಕೃಷ್ಣ ತನ್ನ ಬ್ರಹ್ಮಚರ್ಯದ ಮೇಲೆ ಆಣೆಯಿಟ್ಟು ತಲೆ ತರಿಸುತ್ತಾನೆ. ಯಾರ ಶೀಲದ ಮಾತಿನಿಂದ ಜಗಳ ಶುರುವಾಯಿತು, ಯಾರ ಶೀಲದ ಆಣೆಯಿಂದ ಮುಗಿಯಿತು ಎಂದು ನೋಡಿದರೆ ಕವಿ ಒಳಗೊಳಗೇ ನಕ್ಕಿರಬೇಕು. ಇರಾನಿನ ಫಿರ್ದೌಸಿಯ ‘ಶಾಹನಾಮೆ’ಯಲ್ಲಿ ರುಸ್ತುಂ ತನ್ನ ಮಗ ಸೊಹ್ರಾಬನನ್ನು ಗುರುತಿಲ್ಲದೆ ಇರಿಯುತ್ತಾನೆ. ಬದುಕಿಸುವ ಔಷಧ ದೊರೆಯ ಬಳಿ ಇದ್ದರೂ ಅವನು ಕೊಡುವುದಿಲ್ಲ. ನಮ್ಮವರು ಔಷಧ ಸಿಗುವವರೆಗೆ ಕಥೆಯನ್ನು ಮುಗಿಯಗೊಡಲಿಲ್ಲ.

ಸುರಪುರಕ್ಕೆ ಮಾತ್ರ ಔಷಧ ಸಿಗದ ಕಥೆಯೂ ಗೊತ್ತು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳಕೊಂಡ ರಾಜಾ ವೆಂಕಟಪ್ಪ ನಾಯಕ ಸಂಸ್ಥಾನದ ಉಸ್ತುವಾರಿಗೆ ಬಂದ ಮೆಡೋಸ್ ಟೇಲರ್‌ನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರ್ 1853ರಲ್ಲಿ ಊರು ಬಿಟ್ಟ. 1858ರಲ್ಲಿ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಸೆರೆಯಲ್ಲಿದ್ದವನನ್ನು ಕಾಣಲು ಟೇಲರ್ ಹೋದ ಭಾಗ ಅವನ ಆತ್ಮಕಥೆಯಲ್ಲಿದೆ. 1877ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಅವನೂ ಇರಲಿಲ್ಲ. ಗಲ್ಲುಶಿಕ್ಷೆ ಇಳಿದಿಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ನಾಯಕ ಗುಂಡೇಟಿನಿಂದ ಸತ್ತ, ತಾನೇ ಹೊಡೆದುಕೊಂಡನೆಂದು ಇಂಗ್ಲಿಷರ ಬರಹ. ಆ ‘ಅಪ್ಪಾ’ ಎಂಬ ಕರೆಯನ್ನು ಓದಿದ ಮೇಲೆ ಮಣಿಪುರದ ಮಗ ಅಡ್ಡಬೀಳುವ ಪದ್ಯಗಳು ನನಗೆ ಮೊದಲಿನಂತೆ ಕೇಳಿಸಿಲ್ಲ.

ಈಗ ಶಾಲಾ ಕಾಲೇಜುಗಳ ಗ್ಯಾದರಿಂಗಿನಲ್ಲಿ ಬಭ್ರುವಾಹನ ಎಂದರೆ ಸಿನಿಮಾದ ಆ ಹಾಡು, ಮೊಬೈಲಿನಲ್ಲಿ ಹಚ್ಚಿದ ಟ್ರ್ಯಾಕು, ರಟ್ಟಿನ ಗದೆ. ಅರ್ಜುನನಿಗೆ ಗದೆ ಯಾಕೆಂದು ಯಾರೂ ಕೇಳುವುದಿಲ್ಲ. ಜೋಡಿ ಸಿಗದ ಹುಡುಗ ಒಬ್ಬನೇ ಎರಡೂ ಪಾತ್ರ ಮಾಡುತ್ತಾನೆ: ಎಡಕ್ಕೆ ತಿರುಗಿ ಮಗ, ಬಲಕ್ಕೆ ತಿರುಗಿ ಅಪ್ಪ.