ಮಾತ್ರೆ ಎಣಿಸಲು ಬಂದವರು

1956ರಲ್ಲಿ ಮದ್ರಾಸಿನ ಕೀಲ್ಪಾಕಿಗೆ ಅಂಟಿಕೊಂಡ ಚೆಟ್‌ಪೇಟ್‌ನಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರವೊಂದು ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಈ ನಾಲ್ವರೂ ಕೈಜೋಡಿಸಿದ ಯೋಜನೆ ಅದು. ಇಂದು ಅದರ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ರೋಗಿಯ ಕೈಗೆ ಪಟ್ಟಿ ಕಟ್ಟಿ ಮನೆಯ ದಿನಚರಿಯನ್ನು ದೂರದಿಂದಲೇ ಅಳೆಯುತ್ತೇವೆಂದು ಈಗ ಅನುದಾನದ ಅರ್ಜಿ ಬರೆಯುವವರಿಗೆ ಆ ಕೇಂದ್ರದ ಮೊದಲ ಪ್ರಯೋಗದಲ್ಲಿ ಕಲಿಯಲು ಬಹಳವಿದೆ.

ಆಗ ಕ್ಷಯವೆಂದರೆ ಸ್ಯಾನಟೋರಿಯಂ ವಾಸ: ಒಳ್ಳೆಯ ಊಟ, ಗಾಳಿ, ತಿಂಗಳುಗಟ್ಟಲೆ ವಿಶ್ರಾಂತಿ. ಆದರೆ ದೇಶದ ಎಲ್ಲ ರೋಗಿಗಳಿಗೆ ಸಾಲುವಷ್ಟು ಹಾಸಿಗೆಗಳಿರಲಿಲ್ಲ. ಮನೆಯಲ್ಲೇ ಮಾತ್ರೆ ನುಂಗಿದರೆ ಗುಣವಾಗುವುದೇ? ವ್ಯಾಲೇಸ್ ಫಾಕ್ಸ್ ನೇತೃತ್ವದ ತಂಡ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಎರಡಕ್ಕೂ ಒಂದು ವರ್ಷ ಒಂದೇ ಔಷಧ: ಐಸೋನಿಯಾಜಿಡ್ ಮತ್ತು ಪಿಎಎಸ್. ಒಂದು ಗುಂಪು ಸ್ಯಾನಟೋರಿಯಂಗೆ ಹೋಯಿತು, ಇನ್ನೊಂದು ತನ್ನ ಇಕ್ಕಟ್ಟಿನ ಮನೆಗಳಲ್ಲೇ ಉಳಿಯಿತು.

ತೊಡಕಿದ್ದದ್ದು ಮನೆಯ ಗುಂಪಿನಲ್ಲಿ. ಔಷಧ ಕೊಂಡೊಯ್ದವರು ನುಂಗಿದರೆಂದು ತಿಳಿಯುವುದು ಹೇಗೆ? ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ಸಿಬ್ಬಂದಿ ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಔಷಧ ಎಣಿಸುತ್ತಿದ್ದರು, ಮೂತ್ರ ತಂದು ಅದರಲ್ಲಿ ಔಷಧದ ಅಂಶವಿದೆಯೇ ಎಂದು ಪರೀಕ್ಷಿಸುತ್ತಿದ್ದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ರೋಗ ಹತೋಟಿಗೆ ಬಂದವರು ಮನೆಯಲ್ಲಿ ಶೇ. 86, ಸ್ಯಾನಟೋರಿಯಂನಲ್ಲಿ ಶೇ. 92. ಅಂತರ ಇಷ್ಟು ಕಿರಿದಾದ ಮೇಲೆ ಹಾಸಿಗೆಗಾಗಿ ಕಾಯಬೇಕಾದ ಕಾರಣ ಉಳಿಯಲಿಲ್ಲ. ಜಗತ್ತಿನ ಕ್ಷಯ ಚಿಕಿತ್ಸೆ ಮನೆಯ ಕಡೆ ತಿರುಗಿತು.

ಮನೆ ಮನೆ ಅಲೆಯುವ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಆಸೆಯೂ ಹಳೆಯದೇ. 1960ರ ದಶಕದಲ್ಲಿ ಅಮೆರಿಕದ ವೈದ್ಯ ಥಾಮಸ್ ಮೌಲ್ಡಿಂಗ್, ಮಾತ್ರೆ ತೆಗೆದ ಹೊತ್ತನ್ನು ವಿಕಿರಣ ಮತ್ತು ಫೋಟೊ ಫಿಲ್ಮಿನಿಂದ ಗುರುತಿಸುವ ಡಬ್ಬಿಯೊಂದನ್ನು ರೂಪಿಸಿದರು. ಆದರೆ ಡಬ್ಬಿಗೆ ತಿಳಿಯುವುದು ಮಾತ್ರೆ ಹೊರಬಂದದ್ದು ಮಾತ್ರ, ಹೊಟ್ಟೆ ಸೇರಿದ್ದಲ್ಲ.

ಅರ್ಧ ಶತಮಾನದ ಬಳಿಕ ಭಾರತದಲ್ಲಿ '99ಡಾಟ್ಸ್' ಬಂತು. ಪೊಟ್ಟಣದಿಂದ ಮಾತ್ರೆ ತೆಗೆದಾಗ ಕಾಣುವ ಗುಪ್ತ ಸಂಖ್ಯೆಗೆ ರೋಗಿ ಉಚಿತ ಕರೆ ಮಾಡಿದರೆ, ಅಂದಿನ ಔಷಧ ತೆಗೆದುಕೊಂಡಂತೆ ಲೆಕ್ಕ. ಅದು ಎಷ್ಟು ನಿಜವೆಂದು ಚೆನ್ನೈ, ಮುಂಬೈ ಮುಂತಾದೆಡೆ ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲೂ ಚೆಟ್‌ಪೇಟ್‌ನ ಸಂಸ್ಥೆಯ ಪಾಲಿತ್ತು. ಒರೆಗಲ್ಲಾದದ್ದು ಮತ್ತದೇ ಮುನ್ಸೂಚನೆಯಿಲ್ಲದ ಭೇಟಿ, ಮತ್ತದೇ ಮೂತ್ರ ಪರೀಕ್ಷೆ. ಕರೆಯ ಲೆಕ್ಕಕ್ಕೂ ಮೂತ್ರದ ಸಾಕ್ಷ್ಯಕ್ಕೂ ಸಾಕಷ್ಟು ವ್ಯತ್ಯಾಸ ಕಂಡಿತು. ಔಷಧ ನುಂಗಿ ಕರೆ ಮಾಡದವರಿದ್ದರು, ಕರೆ ಮಾಡಿ ನುಂಗದವರೂ ಇದ್ದರು.

ಕೈಪಟ್ಟಿಯ ಕಥೆಯೂ ಬೇರೆಯಲ್ಲ. ಅದು ಒಂದು ದಿನ ಸೊನ್ನೆ ಹೆಜ್ಜೆ ತೋರಿಸಿದರೆ ರೋಗಿ ಹಾಸಿಗೆ ಹಿಡಿದಿರಬಹುದು, ಪಟ್ಟಿ ಚಾರ್ಜಿಗೆ ಕೂತಿರಬಹುದು. ಹತ್ತು ಸಾವಿರ ತೋರಿಸಿದರೆ ಅದನ್ನು ಕಟ್ಟಿಕೊಂಡು ಓಡಾಡಿದವನು ಮೊಮ್ಮಗನೂ ಇರಬಹುದು. ಅನುದಾನದ ಅರ್ಜಿಯಲ್ಲಿ ಯಂತ್ರದ ಬೆಲೆ, ಮಾಹಿತಿ ಸಂಗ್ರಹದ ಖರ್ಚು ತಪ್ಪದೆ ಬರುತ್ತವೆ. ಮೊದಲು ಕೈಬಿಡುವ ಸಾಲು ಮನೆಗೆ ಹೋಗಿ ನೋಡುವವರ ಸಂಬಳದ್ದು. ಚೆಟ್‌ಪೇಟ್‌ನ ಅಂಕಿಗಳನ್ನು ಜಗತ್ತು ನಂಬಿದ್ದರಲ್ಲಿ, ಬಾಗಿಲು ತಟ್ಟಿ ಮಾತ್ರೆ ಎಣಿಸಿದ ಆ ಸಿಬ್ಬಂದಿಯ ಪಾಲು ದೊಡ್ಡದು.