ಹಳೇ ಲೆನ್ಸಿಗೊಂದು ನೆರಳು
ನನ್ನ ಹತ್ರ ಸೋವಿಯತ್ ಕಾಲದ 58 ಎಂಎಂ ಹೀಲಿಯೋಸ್ 44-2 ಲೆನ್ಸ್ ಇದೆ. ಅದರ ಮೂಲ ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್. ಒಳಗೆ 6 ಗಾಜು, ಗಾಳಿಗೆ ತಾಗುವ 8 ಮೈ. ಲೇಪನ ಇಲ್ಲದಿದ್ರೆ ಪ್ರತಿ ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನ ವಾಪಸ್ ಎಸೆಯುತ್ತೆ. ಫೋಟೋ ಮಂಜು ಮಂಜು. 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಇದನ್ನ ತಡೆಯುವ ಲೇಪನ ಕಂಡುಹಿಡಿದರು. ಅಲ್ಲಿವರೆಗೆ ಫೋಟೋಗ್ರಾಫರ್‌ಗಳಿಗೆ ಹುಡ್ಡೇ ಗತಿ.

ನನ್ನ ಲೆನ್ಸಿಗೆ ಲೇಪನ ಇದ್ರೂ ಹುಡ್ ಬೇಕು. 49 ಎಂಎಂ ತಿರುಪು ಕೂತರೆ ಸಾಕು ಅಂದ್ಕೊಂಡಿದ್ದೆ. ತಪ್ಪು! 28 ಎಂಎಂ ಲೆನ್ಸಿನ ಗಿಡ್ಡ ಹುಡ್ ಸಾಕಷ್ಟು ನೆರಳು ಕೊಡ್ಲಿಲ್ಲ. 135ರ ಉದ್ದ ಹುಡ್ ಫೋಟೋ ಮೂಲೆಗಳನ್ನ ಕಪ್ಪು ಮಾಡ್ತು. 50ರದ್ದು ಸರಿಹೋಯ್ತು.

ನಿಮ್ಮ ಫೋನಿಗೂ ಇದೇ ಲೆಕ್ಕ. ಪಕ್ಕದಿಂದ ಬಿಸಿಲು ಬಿದ್ರೆ ಅಂಗೈ ಅಡ್ಡ ಹಿಡೀರಿ, ಫ್ರೇಮಿನೊಳಗೆ ಬರದ ಹಾಗೆ.