ಸೀಟಿನ ಬೆಲೆ, ಕೆಲಸದ ಕಾಲ

ಮಕ್ಕಳ ಸೀಟಿಗಾಗಿ ಹೊಲ ಅಡ ಇಡುವುದು ನಮ್ಮ ಊರುಗಳಿಗೆ ಹೊಸದಲ್ಲ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕರ್ನಾಟಕ ಕಾಯ್ದೆ ತಂದದ್ದು 1984ರಲ್ಲಿ. ಆದರೂ ದುಬಾರಿ ಸೀಟು ಉಳಿಯಿತು. ಸುಪ್ರೀಂ ಕೋರ್ಟ್ 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ತೀರ್ಪು ಕೊಟ್ಟಾಗ, ನಮ್ಮ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಸರ್ಕಾರಿ ಕೋಟಾದ ಹೊರಗೆ ರಾಜ್ಯದವರಿಗೆ 25,000, ಹೊರ ರಾಜ್ಯದವರಿಗೆ 60,000ದವರೆಗೆ. 1994ರಲ್ಲಿ ಸಿಇಟಿ ಬಂದ ಮೇಲೆ ರ‍್ಯಾಂಕ್ ಪಡೆದ ರೈತರ ಮಕ್ಕಳಿಗೂ ಕಡಿಮೆ ಶುಲ್ಕದ ಸೀಟು ಸಿಕ್ಕಿತು. ಉಳಿದವರು ಸಾಲ ಮಾಡಿದರು.

ಆ ಸಾಲ ತೀರಿತೇ? ಎಂಜಿನಿಯರಿಂಗ್ ನಾಲ್ಕು ವರ್ಷದ ಓದು. 1997ರಲ್ಲಿ ಸೇರಿದವರು 2001ರಲ್ಲಿ ಹೊರಬಂದಾಗ ಅಮೆರಿಕದ ಡಾಟ್‌ಕಾಂ ಕುಸಿತ ಬೆಂಗಳೂರಿಗೂ ತಟ್ಟಿತ್ತು. 2001ರಲ್ಲಿ ಸೇರಿದವರನ್ನು 2005ರಲ್ಲಿ ಕಂಪನಿಗಳು ಕಾಲೇಜಿಗೇ ಬಂದು ಆರಿಸಿಕೊಂಡವು. 2005ರಲ್ಲಿ ಸೇರಿದವರು 2009ರ ಹಿಂಜರಿತಕ್ಕೆ ಸಿಕ್ಕರು. ಓದು ಅದೇ, ಕಾಲ ಬೇರೆ.

ಶಿಕ್ಷಣ ಸಾಲದ ಕಂತು ಓದು ಮುಗಿದ ಮೇಲೆ ಶುರುವಾಗುತ್ತದೆ. ಬಡ್ಡಿ ಮಾತ್ರ ಹಣ ಪಡೆದ ದಿನದಿಂದಲೇ ಓಡುತ್ತದೆ. ಮಕ್ಕಳನ್ನು ಓದಿಸಬೇಡಿ ಎಂದು ನಾವು ಹೇಳುವುದಿಲ್ಲ. ಕೆಲಸ ಸಿಗುವುದು ಎರಡು ವರ್ಷ ತಡವಾದರೂ ಹೊಲ ಕೈಬಿಡದಷ್ಟೇ ಸಾಲ ಮಾಡಿ.